ನಿಲುವಂಗಿಯೊಂದು ನಿಘಂಟಾದ ಬಗೆ

ಕನ್ನಡ ಬಲ್ಲವರ ಮಾತಿನಲ್ಲಿ ಕಿಟೆಲ್ ಎಂಬುದು ಈಗ ವ್ಯಕ್ತಿಯೊಬ್ಬರ ಹೆಸರಾಗಿ ಉಳಿದಿಲ್ಲ. ಅದು ಗ್ರಂಥವೊಂದರ ಹೆಸರು. ಶಬ್ದವೊಂದರ ಅರ್ಥದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಕಿಟೆಲ್ ತೆಗೆದು ನೋಡಿ ಎನ್ನುವುದು ರೂಢಿ. ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಗೆ ಸೇರಿದ ನನ್ನಂಥವನಿಗೂ ಹಳೆಯ ಕಂದಾಯ ದಾಖಲೆಗಳ ಪದಗಳು ಅರ್ಥವಾಗದೇ ಹೋದಾಗ ಆ ಗ್ರಂಥವೇ ದಿಕ್ಕಾಗುತ್ತಿತ್ತು. ಆದರೆ ಸುಮಾರು 70,000 ಶಬ್ದಗಳಿಗೆ ಅರ್ಥ ಹುಡುಕಿಕೊಟ್ಟ ಆ ಮಹನೀಯರ ಅಡ್ಡಹೆಸರಿಗೇ ಅರ್ಥವೇನು ಎಂದು ನಾವು ಕೇಳಿದ್ದು ಕಡಿಮೆ.

ಆ ಹೆಸರು ನಮ್ಮ ಕಿವಿಗೆ ಪರಕೀಯವೆನಿಸದಿರುವುದಕ್ಕೆ ಕಾರಣವಿದೆ. ಕೃಷ್ಣನನ್ನು ಮುದ್ದಿನಿಂದ ಕಿಟ್ಟ, ಕಿಟ್ಟಿ, ಕಿಟ್ಟಣ್ಣ ಎಂದು ಕರೆಯುವ ನಾಡು ನಮ್ಮದು. ಕಾದ ಕಬ್ಬಿಣದಿಂದ ಬೇರ್ಪಡುವ ಕಲ್ಮಷಕ್ಕೂ ಕಿಟ್ಟ ಎಂಬ ಹೆಸರುಂಟು. ಆದರೆ ಈ ಎರಡಕ್ಕೂ ಜರ್ಮನ್ ಕಿಟೆಲ್‌ಗೂ ಸಂಬಂಧವಿಲ್ಲ. ಜರ್ಮನ್ ಭಾಷೆಯಲ್ಲಿ ಕಿಟೆಲ್ ಎಂದರೆ ಸಡಿಲವಾದ ಉದ್ದನೆಯ ಮೇಲಂಗಿ, ನಿಲುವಂಗಿ. ಮಧ್ಯಯುಗದಲ್ಲಿ ಗಂಡಸರೂ ಹೆಂಗಸರೂ ತೊಡುತ್ತಿದ್ದ ಈ ಉಡುಪು ಬರಬರುತ್ತ ಹೊಲದಲ್ಲಿ, ಮಗ್ಗದ ಮುಂದೆ ದುಡಿಯುವವರ ಅಂಗಿಯಾಯಿತು. ಇಂದು ಆ ದೇಶದಲ್ಲಿ ವೈದ್ಯರೂ ಪ್ರಯೋಗಾಲಯದವರೂ ತೊಡುವ ಬಿಳಿಯ ಕೋಟಿಗೂ ಅದೇ ಹೆಸರು. ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳು ಪ್ರಾಯಶ್ಚಿತ್ತದ ಪರ್ವದಿನದಂದು ತೊಡುವ ಬಿಳಿಯ ವಸ್ತ್ರವೂ ಕಿಟೆಲ್. ಸತ್ತವರನ್ನು ಮಣ್ಣು ಮಾಡುವಾಗ ಉಡಿಸುವುದೂ ಅದನ್ನೇ. ಹತ್ತಿಗೆ ಅರಬ್ಬಿಯಲ್ಲಿರುವ ಕುತ್ನ್ ಎಂಬ ಪದವೇ ವ್ಯಾಪಾರದ ದಾರಿಯಲ್ಲಿ ಉತ್ತರಕ್ಕೆ ಹೋಗಿ ಕಿಟೆಲ್ ಆಗಿರಬಹುದೆಂದು ಕೆಲವು ಶಬ್ದಶಾಸ್ತ್ರಜ್ಞರು ಊಹಿಸುತ್ತಾರೆ. ಇಂಗ್ಲಿಷಿನ ಕಾಟನ್ ಆ ಮೂಲದ್ದೆಂಬುದು ಖಚಿತ. ಕಿಟೆಲ್ ವಿಷಯದಲ್ಲಿ ಅದು ಊಹೆಯ ಮಟ್ಟದಲ್ಲಿಯೇ ಇದೆ.

ಉಡುಪಿನ ಹೆಸರು ಮನೆತನದ ಹೆಸರಾಗುವುದು ಉತ್ತರ ಕರ್ನಾಟಕದ ಓದುಗರಿಗೆ ವಿಚಿತ್ರವಾಗಿ ಕಾಣಲಾರದು. ಕಂಬಳಿ, ಬೆಲ್ಲದ, ಅಂಗಡಿ, ಮೆಣಸಿನಕಾಯಿ, ಬಡಿಗೇರ, ಕಂಬಾರ ಎಂಬ ಅಡ್ಡಹೆಸರುಗಳು ಹುಟ್ಟಿದ ದಾರಿಯೂ ಅದೇ. ಜರ್ಮನ್ ಪಟ್ಟಣಗಳು ಬೆಳೆದು, ಒಂದೇ ಹೆಸರಿನ ಹತ್ತಾರು ಜನ ಒಂದೇ ಬೀದಿಯಲ್ಲಿ ವಾಸಿಸತೊಡಗಿದಾಗ, ತೆರಿಗೆ ಬರೆಯುವವರಿಗೂ ನ್ಯಾಯ ತೀರ್ಮಾನಿಸುವವರಿಗೂ ಗುರುತಿನ ಎರಡನೆಯ ಪದವೊಂದು ಬೇಕಾಯಿತು. ನಿಲುವಂಗಿ ಹೊಲಿಯುವವನು ಅಥವಾ ಸದಾ ಅದನ್ನೇ ತೊಟ್ಟಿರುವವನು ಕಿಟೆಲ್ ಎನಿಸಿಕೊಂಡ. ಅವನ ಮಕ್ಕಳು ಬೇರೆ ಅಂಗಿ ತೊಟ್ಟರೂ ಹೆಸರು ಬದಲಾಗಲಿಲ್ಲ. ಸ್ಯಾಕ್ಸನಿ, ಸಿಲೇಸಿಯಾ, ಬೊಹೀಮಿಯಾ ಪ್ರಾಂತಗಳ ಕಡೆ ಈ ಹೆಸರು ಹೆಚ್ಚು.

ಅಡ್ಡಹೆಸರು ಎಲ್ಲ ಕಾಲಕ್ಕೂ ಎಲ್ಲ ಜನರಿಗೂ ಸಹಜವಾದುದೇನಲ್ಲ ಎಂಬುದು ನನಗೆ ಮನವರಿಕೆಯಾದದ್ದು ಸೇವೆಯ ಆರಂಭದ ವರ್ಷಗಳಲ್ಲಿ, ಗೌರಿಬಿದನೂರು ತಾಲ್ಲೂಕಿನ ಕಡತಗಳ ನಡುವೆ. ಅದಿನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲ; ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆ ಸೀಮೆಯ ರೈತನಿಗೆ ತಂದೆಯ ಹೆಸರೇ ಗುರುತು. ಅದರ ಮೊದಲಕ್ಷರವೇ ಅವನ ಇನಿಷಿಯಲ್. ಮಗನ ಕಾಲಕ್ಕೆ ಆ ಅಕ್ಷರವೂ ಬದಲು. ಅದೇ ತಾಲ್ಲೂಕಿನ ಅಲೀಪುರದಲ್ಲಿ ಸಂಗತಿ ಬೇರೆ. ಹರಳುಗಳನ್ನು ಸಾಣೆ ಹಿಡಿದು ದೂರದೇಶಗಳಿಗೆ ಮಾರುವ, ಮೊಹರಂ ಆಚರಣೆಗೆ ಹೆಸರಾದ ಶಿಯಾ ಮುಸ್ಲಿಮರ ಊರದು. ಆಬಿದಿ, ರಿಜ್ವಿ, ನಖ್ವಿ ಮುಂತಾಗಿ ಇಮಾಮರೊಬ್ಬರ ಪರಂಪರೆಯನ್ನು ಸೂಚಿಸುವ ಹೆಸರುಗಳು ಆ ಸಮುದಾಯದಲ್ಲಿ ರೂಢಿಯಲ್ಲಿವೆ. ಹುಟ್ಟೂರನ್ನೇ ಸೇರಿಸಿ ಅಲೀಪುರಿ ಎಂದು ಬರೆದುಕೊಳ್ಳುವವರೂ ಇದ್ದಾರೆ. ಒಂದು ದಾಖಲೆಯಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದೆ ಒಬ್ಬನೇ ಮನುಷ್ಯ ಕಾಗದದ ಮೇಲೆ ಇಬ್ಬರಾಗುತ್ತಿದ್ದ. ಆ ವ್ಯತ್ಯಾಸವನ್ನು ಸರಿಪಡಿಸಲು ಪ್ರಮಾಣಪತ್ರ ಹಿಡಿದು ಅಲೆಯುವ ಶ್ರಮ ಮಾತ್ರ ಯಾವಾಗಲೂ ಹೆಸರುಳ್ಳವನದೇ, ಬರೆದುಕೊಂಡ ಕಚೇರಿಗಳದಲ್ಲ.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ ನಾಡಿಗೂ ನಮ್ಮ ಈ ಪದ್ಧತಿಗೂ ಸೋಜಿಗದ ಹೋಲಿಕೆಯಿದೆ. ಜರ್ಮನಿಯ ವಾಯವ್ಯ ತುದಿಯಲ್ಲಿ, ಉತ್ತರ ಸಮುದ್ರದ ದಂಡೆಯ ಮೇಲಿರುವ ಪೂರ್ವ ಫ್ರೀಸಿಯಾ ಪ್ರಾಂತದ ಹಳ್ಳಿಗಳಲ್ಲಿಯೂ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು ಮತ್ತು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. ಆ ನಾಡು ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದಾಗ, 1811ರ ರಾಜಾಜ್ಞೆಯೊಂದು ಪ್ರತಿ ಕುಟುಂಬವೂ ಶಾಶ್ವತವಾದ ಅಡ್ಡಹೆಸರೊಂದನ್ನು ಆರಿಸಿ ನೋಂದಾಯಿಸಬೇಕೆಂದು ವಿಧಿಸಿತು. ಸೈನ್ಯಕ್ಕೆ ಜನ ಬೇಕಿತ್ತು, ಬೊಕ್ಕಸಕ್ಕೆ ತೆರಿಗೆ ಬೇಕಿತ್ತು. ಎರಡಕ್ಕೂ ಪಟ್ಟಿ ಬೇಕಿತ್ತು. ಹಳ್ಳಿಗರು ಬಹುಕಾಲ ಹಳೆಯ ರೂಢಿಯನ್ನು ಬಿಡಲಿಲ್ಲ. ಕಿಟೆಲ್ ಹುಟ್ಟುವ ಹೊತ್ತಿಗೆ ಆ ಆಜ್ಞೆಗೆ ಕೇವಲ 21 ವರ್ಷ.

1832ರ ಏಪ್ರಿಲ್‌ನಲ್ಲಿ, ಆ ಪ್ರಾಂತದ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ ಅವರ ಜನನ. ತಂದೆ ಅಲ್ಲಿ ಪಾದ್ರಿ. ಶಾಲೆಯಲ್ಲಿಯೇ ಹುಡುಗನಿಗೆ ಪ್ರಾಚೀನ ಭಾಷೆಗಳ ರುಚಿ ಹತ್ತಿತು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿದರು. 1815ರಲ್ಲಿ ಸ್ಥಾಪಿತವಾದ ಆ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಕಾಲಿರಿಸಿತ್ತು. ಮತಪ್ರಚಾರದ ಜೊತೆಗೆ ಶಾಲೆ, ಅಚ್ಚುಕೂಟ, ನೇಯ್ಗೆ ಕಾರ್ಖಾನೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ನಡೆಸಿ ಕರಾವಳಿಯ ಆರ್ಥಿಕ ಜೀವನವನ್ನೇ ಬದಲಿಸಿದ ಸಂಸ್ಥೆಯದು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳಂ ನಿಘಂಟನ್ನು ಹೊರತಂದರು. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಭಾರತಕ್ಕೆ ಬಂದ ಕಿಟೆಲ್ ಈ ಸಾಲಿನಲ್ಲಿ ಕಿರಿಯರು.

ಅವರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಮರೆಮಾಚುವುದು ಅನಗತ್ಯ. ಕಿಟೆಲ್ ಸ್ವತಃ ಅದನ್ನು ಮರೆಮಾಚಿದವರಲ್ಲ. ಆದರೆ ಜನರ ನುಡಿ, ಕಾವ್ಯ, ಗಾದೆಗಳನ್ನು ಒಳಗಿನಿಂದ ಅರಿಯದೆ ಅವರೊಡನೆ ಮಾತನಾಡಲು ತನಗೆ ಅರ್ಹತೆಯಿಲ್ಲವೆಂದು ಅವರು ಬಗೆದರು. ಧಾರವಾಡ, ಮಂಗಳೂರು, ಕೊಡಗು ಹೀಗೆ ನೆಲೆ ಬದಲಾಯಿಸುತ್ತ ಕನ್ನಡವನ್ನು ಬೀದಿಯಲ್ಲಿಯೂ ತಾಳೆಗರಿಯಲ್ಲಿಯೂ ಕಲಿತರು. ಮತಾಂತರಗೊಂಡವರ ಸಂಖ್ಯೆಯಿಂದ ಕೆಲಸವನ್ನು ಅಳೆಯುವವರಿಗೆ ಓಲೆಗರಿಗಳೊಡನೆ ಕುಳಿತ ಈ ಏಕಾಂತಪ್ರಿಯ ಮನುಷ್ಯ ಅರ್ಥವಾಗಲಿಲ್ಲ. ಮಿಷನ್ನಿನ ಸಹೋದ್ಯೋಗಿಗಳೊಡನೆ ಅವರ ಸಂಬಂಧ ಎಂದೂ ಪೂರ್ಣ ಹಿತವಾಗಿರಲಿಲ್ಲ. ಇಲಾಖೆಯ ಗುರಿ ಒಂದು, ತನ್ನ ಮನಸ್ಸು ಕಂಡ ಕರ್ತವ್ಯ ಇನ್ನೊಂದು ಎಂಬ ಸಂಕಟ ಸರ್ಕಾರಿ ನೌಕರನಿಗೆ ಅಪರಿಚಿತವಲ್ಲ. ಅದರ ನಡುವೆಯೇ ನಲವತ್ತು ವರ್ಷದ ಕೆಲಸವನ್ನು ಮುಗಿಸಿದ್ದು ಅವರ ವೈಶಿಷ್ಟ್ಯ.

ಮನೆಯಲ್ಲಿಯೂ ದುಃಖವಿತ್ತು. 1860ರಲ್ಲಿ ಪೌಲಿನ್ ಐಟ್ ಅವರನ್ನು ವಿವಾಹವಾದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. 1867ರಲ್ಲಿ ಅವರ ತಂಗಿ ಜೂಲಿಯನ್ನು ವಿವಾಹವಾದರು. ಈ ಏರಿಳಿತಗಳ ನಡುವೆಯೇ 1862ರಲ್ಲಿ ಅವರ ಕಥಾಮಾಲೆ ಬಂದಿತು. ಕ್ರಿಸ್ತನ ಚರಿತೆಯನ್ನು ಕನ್ನಡದ ಷಟ್ಪದಿಯಲ್ಲಿ ಹೇಳುವ ಕೃತಿಯದು. ನಾರಣಪ್ಪನೂ ಲಕ್ಷ್ಮೀಶನೂ ನಡೆದ ಛಂದಸ್ಸಿನ ದಾರಿಯಲ್ಲಿ, ಬಂದ ಹತ್ತು ವರ್ಷದೊಳಗೆ ಹೊರನಾಡಿಗನೊಬ್ಬ ಹೆಜ್ಜೆಯಿಟ್ಟದ್ದು ಸಾಮಾನ್ಯ ಸಾಹಸವಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಒಂದು ವ್ಯಾಕರಣ, ಇನ್ನೊಂದು ಛಂದಸ್ಸು. ನಿಘಂಟಿನ ಮನೆ ಕಟ್ಟುವ ಮೊದಲು ಅವರು ಹಾಕಿಕೊಂಡ ಅಡಿಪಾಯ ಅದು.

ಅವರಿಗಿಂತ ಮೊದಲು ಕನ್ನಡಕ್ಕೆ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿಯೂ ಬಂದಿದ್ದವು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದ್ದರು. ಕಿಟೆಲ್ ಹಿಡಿದ ದಾರಿ ಬೇರೆ. ಹಳಗನ್ನಡ ಕಾವ್ಯ, ವ್ಯಾಕರಣ, ಪ್ರಾಚೀನ ಕೋಶಗಳ ಜೊತೆಗೆ ಗಾದೆಗಳಿಂದಲೂ ಜನರ ಬಾಯಿಂದಲೂ ಶಬ್ದಗಳನ್ನು ಸಂಗ್ರಹಿಸಿದರು. ಅರ್ಥಕ್ಕೆ ಆಧಾರವಾಗಿ ಪ್ರಯೋಗಗಳನ್ನು ಕೊಟ್ಟರು. ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಸೋದರ ಶಬ್ದಗಳನ್ನು ಪಕ್ಕದಲ್ಲಿ ನಿಲ್ಲಿಸಿದರು. ಸಂಸ್ಕೃತ ಕೋಶಗಳಲ್ಲಿ ಸೇರಿರುವ ದ್ರಾವಿಡ ಮೂಲದ ಶಬ್ದಗಳದ್ದೇ ದೊಡ್ಡದೊಂದು ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಟ್ಟು, ಕೊಡುಕೊಳೆ ಒಂದೇ ದಿಕ್ಕಿನದಲ್ಲವೆಂದು ತೋರಿಸಿದರು.

ನನ್ನ ವೃತ್ತಿಯ ಕಣ್ಣಿಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಹಿಂದುಸ್ತಾನಿ, ಮರಾಠಿ, ಪೋರ್ಚುಗೀಸ್ ಮೂಲದಿಂದ ಬಂದ ಮಾತುಗಳನ್ನು ಕಿಟೆಲ್ ಹೊರಗಿಡಲಿಲ್ಲ. ಎಲ್ಲಿಂದ ಬಂದಿತೆಂದು ಗುರುತು ಹಾಕಿ ಒಳಗೆ ಕೂರಿಸಿದರು. ಜಮೀನು, ತಹಶೀಲು, ಜಮಾಬಂದಿ, ದಫ್ತರ, ಅರ್ಜಿ ಮುಂತಾದ ಅರಬ್ಬಿ–ಪಾರಸಿ ಮೂಲದ ಪದಗಳನ್ನು ತೆಗೆದುಹಾಕಿದರೆ ನಮ್ಮ ಕಂದಾಯ ಆಡಳಿತ ಒಂದು ದಿನವೂ ಬಾಯಿ ತೆರೆಯಲಾರದು. ಗೌರಿಬಿದನೂರಿನ ಒಕ್ಕಲಿಗನೂ ಅಲೀಪುರದ ಹರಳಿನ ವ್ಯಾಪಾರಿಯೂ ಅರ್ಜಿ ಬರೆಯುವಾಗ ಬಳಸುವುದು ಒಂದೇ ಶಬ್ದಕೋಶವನ್ನು. ಮೂಲವನ್ನು ತಿಳಿಯುವುದು ಬೇರೆ, ಮೂಲದ ನೆಪದಲ್ಲಿ ಹೊರಹಾಕುವುದು ಬೇರೆ ಎಂಬ ಪಾಠ ಆ ನಿಘಂಟಿನ ವಿನ್ಯಾಸದಲ್ಲಿಯೇ ಇದೆ.

ಈ ಕೆಲಸದ ನಡುವೆ ಕೆಲವು ವರ್ಷ ಜರ್ಮನಿಯಲ್ಲಿದ್ದ ಕಿಟೆಲ್, ಐವತ್ತು ದಾಟಿದ ಮೇಲೆ, 1883ರಲ್ಲಿ ನಿಘಂಟನ್ನು ಪೂರೈಸಲೆಂದೇ ಮತ್ತೆ ಭಾರತಕ್ಕೆ ಬಂದರು. ದಣಿದ ದೇಹದೊಡನೆ 1892ರಲ್ಲಿ ಹಿಂದಿರುಗಿ ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ನೆಲೆಸಿದರು. 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. 1,700ಕ್ಕೂ ಹೆಚ್ಚು ಪುಟಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ಮುಂದೆ ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿದರು. ಅದು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಮೇಲೂ ಹಳೆಯ ಕಿಟೆಲ್ ಕೈಬಿಟ್ಟುಹೋಗಿಲ್ಲ. ಧಾರವಾಡದಲ್ಲಿ ಕಿಟೆಲ್ ಕಾಲೇಜು ಇದೆ. ಬೆಂಗಳೂರಿನ ಆಸ್ಟಿನ್ ಟೌನ್ ಕಿಟೆಲ್ ನಗರವಾಗಿದೆ. ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ ಬಳಿ ಅವರ ಪ್ರತಿಮೆ ನಿಂತಿದೆ. ಸ್ಯಾಕ್ಸನಿಯ ಯಾವುದೋ ಬೀದಿಯಲ್ಲಿ ಅಂಗಿಯ ಕಾರಣದಿಂದ ಅಂಟಿದ ಹೆಸರು ಹೀಗೆ ನಮ್ಮಲ್ಲಿ ಗ್ರಂಥದ, ಬಡಾವಣೆಯ, ವಿದ್ಯಾಲಯದ ಹೆಸರಾಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಮಂಗಳಕರವಾಗಿ ಮುಗಿಯುತ್ತದೆ. ಆದರೆ ಹೆಸರಿನ ಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ. ಜಗತ್ತಿನ ಬೇರೆ ಬೇರೆ ವಿದ್ಯಾರ್ಥಿಗಳಿಗೆ ಕಿಟೆಲ್ ಎಂದರೆ ಬೇರೆ ಬೇರೆ ಪುಸ್ತಕಗಳು. ಭೌತವಿಜ್ಞಾನದ ವಿದ್ಯಾರ್ಥಿಗೆ ಕಿಟೆಲ್ ಎಂದರೆ ಅಮೆರಿಕದ ಚಾರ್ಲ್ಸ್ ಕಿಟೆಲ್ 1953ರಲ್ಲಿ ಬರೆದ ಘನಸ್ಥಿತಿ ಭೌತವಿಜ್ಞಾನದ ಪಠ್ಯ. ಹೀಬ್ರೂ ಬೈಬಲ್ ಓದುವವರಿಗೆ ಲೈಪ್‌ಜಿಗ್‌ನ ರುಡಾಲ್ಫ್ ಕಿಟೆಲ್ 1906ರಲ್ಲಿ ಪೂರೈಸಿದ ಪ್ರಸಿದ್ಧ ಪಾಠಾವೃತ್ತಿ. ಈ ರುಡಾಲ್ಫರ ಮಗ ಗೆರ್ಹಾರ್ಡ್ ಕಿಟೆಲ್ ಕೂಡ ನಿಘಂಟುಕಾರ. 1926ರಿಂದ ಅವನು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳನ್ನು ವಿವರಿಸುವ ಬೃಹತ್ ಕೋಶವೊಂದನ್ನು 1933ರಿಂದ ಹೊರತರಲಾರಂಭಿಸಿದ. ದೇವಶಾಸ್ತ್ರದ ವಿದ್ಯಾಲಯಗಳಲ್ಲಿ ಆ ಕೋಶವನ್ನೂ ಬರಿಯ ಕಿಟೆಲ್ ಎಂದೇ ಕರೆಯುತ್ತಾರೆ.

ಅದೇ ಅಡ್ಡಹೆಸರು, ಅದೇ ಪಟ್ಟಣ, ಅದೇ ಬಗೆಯ ವಿದ್ವತ್ತು. ಆದರೆ 1933ರಲ್ಲಿಯೇ ಗೆರ್ಹಾರ್ಡ್ ನಾಜಿ ಪಕ್ಷ ಸೇರಿದ. ಯಹೂದಿಗಳು ಜರ್ಮನಿಯಲ್ಲಿ ಸಮಾನ ಪ್ರಜೆಗಳಲ್ಲ, ಹೊರಗಿನಿಂದ ಬಂದ ಅತಿಥಿಗಳಾಗಿ ಬಾಳತಕ್ಕವರು ಎಂಬ ವಾದವನ್ನು ಪುಸ್ತಕವಾಗಿ ಪ್ರಕಟಿಸಿ, ದ್ವೇಷದ ರಾಜಕೀಯಕ್ಕೆ ಪಾಂಡಿತ್ಯದ ಮುದ್ರೆ ಒತ್ತಿದ. 1945ರಲ್ಲಿ ಫ್ರೆಂಚ್ ಸೈನ್ಯ ಅವನನ್ನು ಬಂಧಿಸಿತು; ಹುದ್ದೆ ಹೋಯಿತು; 1948ರಲ್ಲಿ ತೀರಿಕೊಂಡ. ಯಹೂದಿಗಳು ಪ್ರಾಯಶ್ಚಿತ್ತದ ದಿನ ತೊಡುವ, ಕೊನೆಗೆ ಮಣ್ಣಿಗೆ ಹೋಗುವಾಗಲೂ ತೊಡುವ ಬಿಳಿಯ ವಸ್ತ್ರದ ಹೆಸರೇ ಅವನ ಮನೆತನದ ಹೆಸರಾಗಿತ್ತು ಎಂಬುದನ್ನು ನೆನೆದರೆ ಮಾತು ನಿಲ್ಲುತ್ತದೆ.

ಆ ಕಾಲದ ಜರ್ಮನಿಯಲ್ಲಿ ಹೆಸರಿನ ಮೇಲೆ ನಡೆದದ್ದನ್ನು ಪ್ರತಿಯೊಬ್ಬ ಆಡಳಿತಗಾರನೂ ತಿಳಿದಿರಬೇಕು. 1938ರ ಆಗಸ್ಟ್‌ನ ಆದೇಶವೊಂದರ ಪ್ರಕಾರ, ಸರ್ಕಾರ ಗೊತ್ತುಮಾಡಿದ ಹೆಸರುಗಳ ಪಟ್ಟಿಗೆ ಸೇರದ ಹೆಸರಿರುವ ಯಹೂದಿ ಗಂಡಸರೆಲ್ಲ ಇಸ್ರೇಲ್ ಎಂದೂ ಹೆಂಗಸರೆಲ್ಲ ಸಾರಾ ಎಂದೂ ಹೆಚ್ಚುವರಿ ಹೆಸರು ಸೇರಿಸಿಕೊಳ್ಳಬೇಕಾಯಿತು. 1939ರ ಜನವರಿಯಿಂದ ಅದು ಜಾರಿಗೆ ಬಂದಿತು. ಆದೇಶವನ್ನು ಕಾರ್ಯಗತಗೊಳಿಸಿದ್ದು ಗುಮಾಸ್ತರು. ಶಾಯಿ, ಮೊಹರು, ರಿಜಿಸ್ಟರುಗಳಿಂದ. ತೆರಿಗೆ ವಸೂಲಿಗಾಗಿ ಹುಟ್ಟಿದ ಅಡ್ಡಹೆಸರಿನ ಪಟ್ಟಿ ಕೆಲವೇ ವರ್ಷಗಳಲ್ಲಿ ಗಡೀಪಾರಿನ ಪಟ್ಟಿಯಾಯಿತು. ಹೆಸರು ಬರೆದುಕೊಳ್ಳುವ ಕೆಲಸ ನಿರ್ದೋಷಿಯಾದ ಕೆಲಸವೆಂದು ಆಮೇಲೆ ಯಾರೂ ಹೇಳುವಂತಿಲ್ಲ.

ನಮ್ಮ ದೇಶದಲ್ಲಿ ಅಡ್ಡಹೆಸರು ಕೇಳುವವನು ಅನೇಕ ವೇಳೆ ಕೇಳುತ್ತಿರುವುದು ಹೆಸರನ್ನಲ್ಲ, ಜಾತಿಯನ್ನು ಅಥವಾ ಮತವನ್ನು. ಬಾಡಿಗೆ ಮನೆ ಸಿಗುವುದೂ ಸಿಗದಿರುವುದೂ ಎಷ್ಟೋ ಸಲ ಆ ಉತ್ತರದ ಮೇಲೆ ನಿಂತಿರುತ್ತದೆ. ಅದನ್ನು ಅರಿತೇ ಅನೇಕರು ಹೆಸರಿನ ಬಾಲವನ್ನು ಕತ್ತರಿಸಿಕೊಂಡರು. ಆದರೆ ನಮೂನೆಗಳು ಅವರನ್ನು ಬಿಡುತ್ತಿಲ್ಲ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಾರಿದಾಗ, ತಂದೆಯ ಹೆಸರಿನ ಮೊದಲಕ್ಷರದಿಂದಲೇ ಬಾಳು ಸಾಗಿಸಿದ್ದ ದಕ್ಷಿಣ ಭಾರತದ ಸಾಮಾನ್ಯರು ಗಲಿಬಿಲಿಗೊಂಡರು. ನೆಪೋಲಿಯನ್ನನ ರಾಜಾಜ್ಞೆ ಪೂರ್ವ ಫ್ರೀಸಿಯಾದ ರೈತನ ಮನೆಬಾಗಿಲಿಗೆ ಬಂದ ಹಾಗೆಯೇ ಇದು. ಜಗತ್ತಿನ ಕಂಪ್ಯೂಟರುಗಳಿಗೆ ಎರಡು ಪದ ಬೇಕು. ಗೌರಿಬಿದನೂರಿನ ರೈತನ ಮಗನಲ್ಲಿ ಇರುವುದು ಒಂದೇ. ನಮೂನೆಯ ಆ ಖಾನೆಯನ್ನು ಐಚ್ಛಿಕವಾಗಿಡುವುದು ಆಡಳಿತಕ್ಕೆ ಅಸಾಧ್ಯವೇನಲ್ಲ. ಜನರ ರೂಢಿಗೆ ನಮೂನೆ ಹೊಂದಿಕೊಳ್ಳಬೇಕೇ ಹೊರತು, ನಮೂನೆಗೆ ಜನರಲ್ಲ.

ಹೆಸರು ಮನುಷ್ಯನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲವೆಂಬುದಕ್ಕೆ ಟ್ಯೂಬಿಂಗೆನ್ನಿನ ಈ ಇಬ್ಬರು ಕಿಟೆಲ್‌ಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಒಬ್ಬರು ಹೊರಗಿನಿಂದ ಬಂದ ಶಬ್ದಗಳಿಗೂ ತಮ್ಮ ಗ್ರಂಥದಲ್ಲಿ ಮನೆ ಮಾಡಿಕೊಟ್ಟರು. ಇನ್ನೊಬ್ಬ ತಲೆತಲಾಂತರದಿಂದ ಒಳಗೆ ಬಾಳಿದ ಜನರನ್ನು ಹೊರಗಿನವರೆಂದು ಬರೆದ. ಕನ್ನಡ ನಾಡಿನಲ್ಲಿ ಕಿಟೆಲ್ ಎಂಬ ಅಡ್ಡಹೆಸರು ಯಾವ ಜಾತಿಯನ್ನೂ ಸೂಚಿಸುವುದಿಲ್ಲ. ಅದನ್ನು ಉಚ್ಚರಿಸುವಾಗ ನಾವು ನೆನೆಯುವುದು ಕೆಲಸವೊಂದನ್ನು ಮಾತ್ರ. ಹುಟ್ಟಿನಿಂದ ಬಂದ ಪದಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾರೂ ದುಡಿದು ತರಲಾರರು.